ಫಿಲಡೆಲ್ಫಿಯಾದ ಪೆಟ್ಟಿಗೆಯ ಹುಡುಗ: ಹೆಸರು ಸಿಗಲು 65 ವರ್ಷ ಹಿಡಿದದ್ದೇಕೆ? ನಮ್ಮಲ್ಲಿ ಹಳೆಯ ಪ್ರಕರಣಗಳಿಗೆ ಇದು ಆದೀತೇ?

ಮಲೆನಾಡ ಓದುಗ

1957ರ ಫೆಬ್ರವರಿ 25ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಅಂಚಿನ ಫಾಕ್ಸ್ ಚೇಸ್ ಪ್ರದೇಶದಲ್ಲಿ, ರಸ್ತೆ ಬದಿಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಪುಟ್ಟ ಹುಡುಗನ ಶವ ಸಿಕ್ಕಿತು. ಮೈ ಸೊರಗಿತ್ತು, ಹೊಡೆದ ಗುರುತುಗಳಿದ್ದವು. ಯಾರ ಮಗು ಎಂದು ಗೊತ್ತಾಗಲೇ ಇಲ್ಲ. 2022ರ ಡಿಸೆಂಬರ್ 8ರಂದು ಅಲ್ಲಿನ ಪೊಲೀಸರು ಹೆಸರು ಪ್ರಕಟಿಸಿದರು: ಜೋಸೆಫ್ ಆಗಸ್ಟಸ್ ಝರೆಲ್ಲಿ, ಹುಟ್ಟಿದ್ದು 1953ರ ಜನವರಿ 13. ಕೊಂದವರು ಯಾರೆಂದು ಇಂದಿಗೂ ತೀರ್ಮಾನವಾಗಿಲ್ಲ.

ನಡುವಿನ 65 ವರ್ಷ ಜನ ಸುಮ್ಮನೆ ಕೂತಿರಲಿಲ್ಲ. ಕರಪತ್ರ, ಟಿ.ವಿ. ಕಾರ್ಯಕ್ರಮ, ಬಹುಮಾನ, ನಿವೃತ್ತ ಪತ್ತೇದಾರರ ಸಂಘ, ಎಲ್ಲವೂ ಇದ್ದವು. ಇದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಯಾವುದು, ವ್ಯರ್ಥವಾದದ್ದು ಯಾವುದು? ಎರಡನೆಯ ಪ್ರಶ್ನೆ: ಕರ್ನಾಟಕದಲ್ಲಿ ‘ಸಿ ರಿಪೋರ್ಟ್’ (ಆರೋಪಿ ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ) ಹಾಕಿ ಮುಚ್ಚಿದ ಮಗುವಿನ ಕೊಲೆ ಪ್ರಕರಣವನ್ನು ಮತ್ತೆ ಎತ್ತಬೇಕೆಂದು ಮನೆಯವರೋ ಊರಿನವರೋ ಹೊರಟರೆ ಮೊದಲು ಏನು ಮಾಡಬೇಕು? ತಿಳಿದವರು ವಿವರವಾಗಿ ಬರೆಯಿರಿ.

ಹಳೆಯ ಕಡತ

ಮೊದಲ ಪ್ರಶ್ನೆಗೆ ನನ್ನ ಉತ್ತರ: ಕರಪತ್ರ ಸೋತಿತು, ಸಮಾಧಿ ಗೆದ್ದಿತು.

ಕರಪತ್ರದ ಪ್ರಮಾಣ ಸಣ್ಣದೇನಲ್ಲ. ಸುಮಾರು 4,00,000 ಪ್ರತಿ ಅಚ್ಚಾದವು. ನಗರದ ಮನೆಮನೆಗೆ ಹೋಗುವ ಗ್ಯಾಸ್ ಬಿಲ್ಲಿನ ಜೊತೆಗೂ ಸೇರಿಸಿ ಕಳಿಸಿದರು. ಶವಕ್ಕೆ ಬಟ್ಟೆ ತೊಡಿಸಿ, ಕೂರಿಸಿ, ಬದುಕಿದ್ದಾಗ ಹೇಗಿದ್ದಿರಬಹುದೋ ಹಾಗೆ ತೆಗೆದ ಫೋಟೋ ಕೂಡ ಹಂಚಿದರು. ಗುರುತು ಹಿಡಿದವರು ಒಬ್ಬರೂ ಮುಂದೆ ಬರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಕೂದಲನ್ನು ಸಾವಿನ ಆಸುಪಾಸಿನಲ್ಲೇ ಅಡ್ಡಾದಿಡ್ಡಿ ಕತ್ತರಿಸಿದ್ದರು, ತುಂಡುಗಳು ಮೈಗೆ ಅಂಟಿಕೊಂಡೇ ಇದ್ದವು. ಹಸಿವಿನಿಂದ ಮುಖ ಬತ್ತಿತ್ತು. ನೆರೆಯವರು ಒಂದು ಕಾಲಕ್ಕೆ ನೋಡಿದ್ದ ಮುಖ ಆ ಫೋಟೋದಲ್ಲಿ ಇರಲೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಮಗು ಕಾಣೆಯಾಗಿದೆ ಎಂದು ದೂರು ಕೊಟ್ಟವರೇ ಇರಲಿಲ್ಲ. ಹುಡುಕುವವರಿಲ್ಲದ ಮಗುವಿನ ಫೋಟೋ ಎಷ್ಟು ಹಂಚಿದರೂ ಅದು ತಲುಪಬೇಕಾದ ಮನೆಯೇ ಬಾಯಿ ಮುಚ್ಚಿಕೊಂಡಿರುತ್ತದೆ.

ಮುಖಕ್ಕಿಂತ ಒಳ್ಳೆಯ ಸುಳಿವು ಪೆಟ್ಟಿಗೆಯದು. ಅದು ಜೆ.ಸಿ. ಪೆನ್ನಿ ಅಂಗಡಿಯಲ್ಲಿ ಮಾರಿದ ಕೂಸಿನ ತೊಟ್ಟಿಲಿನ ಪೆಟ್ಟಿಗೆ. ಅಪ್ಪರ್ ಡಾರ್ಬಿಯ ಶಾಖೆಯಲ್ಲಿ ಅಂಥ 12 ಮಾತ್ರ ಮಾರಾಟವಾಗಿದ್ದವು. ‘ಈ ತೊಟ್ಟಿಲು ಕೊಂಡಿರಾ? ಪೆಟ್ಟಿಗೆ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ಸಂಬಂಧವೇ ಇಲ್ಲದ ಮನೆಯವರೂ ನಿರ್ಭಯವಾಗಿ ಉತ್ತರಿಸಬಹುದು. ಒಬ್ಬೊಬ್ಬರು ಉತ್ತರಿಸಿದಾಗಲೂ ಪಟ್ಟಿ ಚಿಕ್ಕದಾಗುತ್ತದೆ. ಆದರೆ ಆ ಅಂಗಡಿಯಲ್ಲಿ ನಗದು ವ್ಯಾಪಾರ, ಕೊಂಡವರ ಹೆಸರು ದಾಖಲಾಗಿರಲಿಲ್ಲ. ಎಲ್ಲರೂ ಸಿಗಲಿಲ್ಲ.

ಇನ್ನು ಸಮಾಧಿ. 1957ರಲ್ಲಿ ಅನಾಥ ಶವಗಳ ಜಾಗದಲ್ಲಿ ಹೂಳಿದರೂ ಪತ್ತೇದಾರರೇ ಹಣ ಹಾಕಿ ಕಲ್ಲು ನಿಲ್ಲಿಸಿದರು. ಆ ಜಾಗ ಕಳೆದುಹೋಗಲಿಲ್ಲ. 1998ರ ನವೆಂಬರಿನಲ್ಲಿ ಹೊರತೆಗೆದು ಹಲ್ಲಿನಿಂದ ಡಿ.ಎನ್.ಎ. ತೆಗೆದರು, ಐವಿ ಹಿಲ್ ಸ್ಮಶಾನದಲ್ಲಿ ದಾನವಾಗಿ ಸಿಕ್ಕ ಜಾಗದಲ್ಲಿ ಮತ್ತೆ ಹೂಳಿದರು. ಆಗ ಇದರ ಹಿಂದೆ ನಿಂತದ್ದು ವಿಡೋಕ್ ಸೊಸೈಟಿ, ಅಂದರೆ ಹಳೆಯ ಪ್ರಕರಣಗಳನ್ನು ಪರಿಶೀಲಿಸುವ ನಿವೃತ್ತ ತನಿಖಾಧಿಕಾರಿಗಳ ಮತ್ತು ವಿಧಿವಿಜ್ಞಾನಿಗಳ ಸಂಘ. 2019ರಲ್ಲಿ ಇನ್ನೊಮ್ಮೆ ತೆಗೆದರು. ಗೋರಿಗೆ ಗುರುತು ಇರದಿದ್ದರೆ ಈ ಎರಡೂ ಸಾಧ್ಯವಿರಲಿಲ್ಲ. ಜನ ಪ್ರತಿವರ್ಷ ಅಲ್ಲಿ ಹೂವು, ಆಟಿಕೆ ಇಟ್ಟದ್ದನ್ನು ಬರೀ ಭಾವುಕತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಜಾಗವನ್ನು ಊರಿನ ನೆನಪಿನಲ್ಲಿ ಉಳಿಸಿದ್ದು ಅದೇ.

ಪ್ರಚಾರದ ಕೆಡುಕನ್ನೂ ಹೇಳಬೇಕು. ವೈದ್ಯಕೀಯ ಪರೀಕ್ಷಕರ ಕಚೇರಿಯ ರೆಮಿಂಗ್ಟನ್ ಬ್ರಿಸ್ಟೋ 1993ರಲ್ಲಿ ತೀರಿಕೊಳ್ಳುವವರೆಗೂ ಈ ಪ್ರಕರಣ ಬಿಡಲಿಲ್ಲ. ಅವರ ನಿಷ್ಠೆ ದೊಡ್ಡದು. ಆದರೆ ಅತೀಂದ್ರಿಯ ಶಕ್ತಿ ಇದೆ ಎನ್ನುವ ಮಹಿಳೆಯೊಬ್ಬರ ಮಾತಿನಂತೆ ಬೇರೆಯವರ ಮಕ್ಕಳನ್ನು ಸಾಕುತ್ತಿದ್ದ ಹತ್ತಿರದ ಒಂದು ಪಾಲನಾ ಮನೆಯ ಮೇಲೆ ಸಂಶಯ ಕೂತಿತು. ಅಲ್ಲಿ ಅಂಥದೇ ತೊಟ್ಟಿಲು, ಕಂಬಳಿ ಕಂಡವೆಂಬುದರಿಂದ ಅದು ಗಟ್ಟಿಯಾಯಿತು. ಪುರಾವೆ ಸಿಗಲಿಲ್ಲ. 2002ರಲ್ಲಿ ಮತ್ತೊಬ್ಬ ಮಹಿಳೆ, ತನ್ನ ತಾಯಿಯೇ ಈ ಮಗುವನ್ನು ಕೊಂಡು ತಂದು ಕೊಂದಳು ಎಂದರು. ಅದನ್ನೂ ದೃಢಪಡಿಸಲಾಗಲಿಲ್ಲ. ಎರಡೂ ಕಥೆಗಳು ದಶಕಗಟ್ಟಲೆ ಪತ್ರಿಕೆಗಳಲ್ಲಿ ಓಡಿದವು. ಕೊನೆಗೆ ಹೆಸರು ಸಿಕ್ಕ ದಾರಿ ಇವೆರಡರ ಹತ್ತಿರವೂ ಹಾದುಹೋಗಲಿಲ್ಲ.

ವಂಶಾವಳಿ

ಪ್ರಯೋಗಾಲಯದ ಭಾಗ ನಾನು ಬರೆಯುತ್ತೇನೆ, ಇದರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ.

1998ರಲ್ಲಿ ಹಲ್ಲಿನಿಂದ ಸಿಕ್ಕದ್ದು ಮೈಟೊಕಾಂಡ್ರಿಯದ ಡಿ.ಎನ್.ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ತಾಯಿ, ಅಜ್ಜಿ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲರಲ್ಲೂ ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಾಗಿ ‘ಇವನು ನಮ್ಮ ಮಗು’ ಎಂದು ಬಂದವರನ್ನು ‘ಅಲ್ಲ’ ಎನ್ನಲು ಸಾಕು, ತಾನಾಗಿ ಯಾರೆಂದು ಹೇಳಲು ಆಗದು. ಪೊಲೀಸರ ಮಾಮೂಲಿ ಡಿ.ಎನ್.ಎ. ಪರೀಕ್ಷೆಗೂ ಇದೇ ಮಿತಿ. ಅಮೆರಿಕದಲ್ಲಿ ಅದು ಡಿ.ಎನ್.ಎ.ಯ ಸುಮಾರು 20 ಜಾಗಗಳನ್ನು ನೋಡುತ್ತದೆ. ಹೋಲಿಸಲು ಎದುರಿಗೆ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರು ಬೇಕು.

2019ರ ನಂತರ ಬಳಸಿದ ವಿಧಾನ ಬೇರೆ. ಲಕ್ಷಾಂತರ ಜಾಗಗಳನ್ನು ಓದಿ, ತಮ್ಮ ವಂಶ ತಿಳಿಯಲೆಂದು ಜನ ತಾವೇ ಡಿ.ಎನ್.ಎ. ವಿವರ ಹಾಕಿರುವ ಜೆಡ್‌ಮ್ಯಾಚ್‌ನಂಥ ಸಂಗ್ರಹದಲ್ಲಿ ದೂರದ ನೆಂಟರನ್ನು ಹುಡುಕುವುದು. ಹಂಚಿಕೊಂಡ ಡಿ.ಎನ್.ಎ.ಯ ಅಳತೆ ಸೆಂಟಿಮಾರ್ಗನ್. ದೊಡ್ಡಪ್ಪ-ಚಿಕ್ಕಪ್ಪ, ಅತ್ತೆ-ಮಾವಂದಿರ ಮಕ್ಕಳ ನಡುವೆ ಸರಾಸರಿ ಸುಮಾರು 850, ಅದರ ಮುಂದಿನ ತಲೆಮಾರಿನವರ ನಡುವೆ ಸುಮಾರು 230, ಅದಕ್ಕೂ ಮುಂದೆ 75ರ ಆಸುಪಾಸು. ಇಬ್ಬರು ಮೂವರು ದೂರದ ನೆಂಟರು ಸಿಕ್ಕರೆ ಅವರ ವಂಶವೃಕ್ಷಗಳನ್ನು ಕಟ್ಟಿ, ಅವು ಎಲ್ಲಿ ಕೂಡುತ್ತವೆಂದು ನೋಡಿ, ಅಲ್ಲಿಂದ ಕೆಳಗಿಳಿದು ಬರಬೇಕು. ಈ ಹುಡುಗನ ಎಲುಬಿನ ಡಿ.ಎನ್.ಎ. ಎಷ್ಟು ಹಾಳಾಗಿತ್ತೆಂದರೆ ಅದನ್ನು ಓದುವ ಸ್ಥಿತಿಗೆ ತರುವುದಕ್ಕೇ ಎರಡೂವರೆ ವರ್ಷದಷ್ಟು ಹಿಡಿಯಿತು.

ಕೊನೆಯ ಹೆಜ್ಜೆ ಪ್ರಯೋಗಾಲಯದ್ದಲ್ಲ, ಜನನ ನೋಂದಣಿಯದ್ದು. ತಾಯಿಯ ಕಡೆಯ ನೆಂಟರ ಮೂಲಕ ತಾಯಿ ಯಾರೆಂದು ತಿಳಿದ ಮೇಲೆ ಪೊಲೀಸರು ನ್ಯಾಯಾಲಯದ ಆದೇಶ ಪಡೆದು ಆಕೆಯ ಮಕ್ಕಳ ಜನನ ದಾಖಲೆ ತರಿಸಿದರು. ಒಂದು ಜನನ ಪತ್ರದಲ್ಲಿ ಮಗುವಿನ ಹೆಸರೂ ತಂದೆಯ ಹೆಸರೂ ಇತ್ತು. ತಂದೆಯ ಕಡೆಯ ನೆಂಟಸ್ತಿಕೆಯನ್ನು ಡಿ.ಎನ್.ಎ.ಯಿಂದ ತಾಳೆ ನೋಡಿದ ಮೇಲೆಯೇ ಘೋಷಿಸಿದ್ದು.

ನಮ್ಮಲ್ಲಿ ಇದೇ ದಾರಿ ಹಿಡಿದರೆ ಎರಡು ಕಡೆ ಎಡವುತ್ತೇವೆ. ಆ ಸಂಗ್ರಹಗಳಲ್ಲಿರುವವರು ಬಹುಪಾಲು ಯುರೋಪ್ ಮೂಲದವರು, ಕರ್ನಾಟಕದ ಹಳ್ಳಿಯ ಮಗುವಿಗೆ ನೆಂಟರು ಸಿಗುವುದು ಕಷ್ಟ. ಎರಡನೆಯದು ನಮ್ಮ ಮದುವೆ ಪದ್ಧತಿ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ರೂಢಿ, ತಲೆತಲಾಂತರದಿಂದ ಜಾತಿಯ ಒಳಗೇ ಮದುವೆ. ಇದರಿಂದ ಒಂದೇ ನೆಂಟಸ್ತಿಕೆ ನಾಲ್ಕಾರು ದಾರಿಯಲ್ಲಿ ಬಂದು ಸೇರುತ್ತದೆ. ಲೆಕ್ಕದಲ್ಲಿ 230 ಬಂದರೂ ಅಸಲಿಗೆ ಅವರು ಇನ್ನೂ ದೂರದವರಾಗಿರಬಹುದು. ಮೇಲಿನ ಸರಾಸರಿಗಳನ್ನು ನಂಬಿ ವೃಕ್ಷ ಕಟ್ಟಿದರೆ ತಪ್ಪು ಮನೆ ಬಾಗಿಲು ತಟ್ಟುತ್ತೀರಿ.

ನಮಗೆ ಹೊಂದುವುದು ನೇರ ಹೋಲಿಕೆ. ಮಗು ಕಾಣೆಯಾದ ಮನೆಯ ತಂದೆತಾಯಿಗೆ ಈಗ ಎಪ್ಪತ್ತು ಎಂಬತ್ತು ವರ್ಷವಾಗಿದ್ದರೆ, ಅವರ ರಕ್ತದ ಮಾದರಿಯನ್ನು ಪೊಲೀಸರ ಅಥವಾ ನ್ಯಾಯಾಲಯದ ಮೂಲಕ ಎಫ್.ಟಿ.ಎ. ಕಾರ್ಡಿನ (ರಕ್ತದ ಹನಿ ಹೀರಿಸಿಡುವ ವಿಶೇಷ ಕಾಗದ) ಮೇಲೆ ತೆಗೆಸಿ ಇಡಿಸಬೇಕು. ಒಣಗಿಸಿದ ಆ ಕಾರ್ಡು ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ. ಅವರು ತೀರಿಕೊಂಡರೆ ಸುಲಭದ ಹೋಲಿಕೆ ಹೋಯಿತೆಂದೇ ಲೆಕ್ಕ. ಖಾಸಗಿ ಲ್ಯಾಬಿನಲ್ಲಿ ತಾವೇ ಮಾಡಿಸಿಟ್ಟ ವರದಿಗೆ, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇಲ್ಲದಿದ್ದರೆ, ನ್ಯಾಯಾಲಯದಲ್ಲಿ ಬೆಲೆ ಕಡಿಮೆ.

ಕೋರ್ಟ್ ಹಾಲ್ 3

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪೋಸ್ಟರ್ ಮಾಡಿಸುವ ಮೊದಲು ಮೂರು ಕಾಗದ ಕೈಯಲ್ಲಿರಬೇಕು: ಎಫ್.ಐ.ಆರ್., ಮರಣೋತ್ತರ ಪರೀಕ್ಷಾ ವರದಿ, ಸಿ ರಿಪೋರ್ಟ್. ರಿಪೋರ್ಟ್ ಸಲ್ಲಿಸಿದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆರ್.ಟಿ.ಐ. ಹಾದಿಯಲ್ಲಿ ಹೋದರೆ ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎನ್ನುವ ಕಲಂ 8(1)(ಎಚ್) ತೋರಿಸಿ ನಿರಾಕರಿಸುವುದು ಸಾಮಾನ್ಯ. ಆದರೆ ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿ ಎಂದು ಅಧಿಕಾರಿ ಕಾರಣ ಕೊಡಬೇಕು, ಅದನ್ನೇ ಮೇಲ್ಮನವಿಯಲ್ಲಿ ಹಿಡಿಯಿರಿ.

‘ಸಿ’ ಎಂದರೆ ಅಪರಾಧ ನಡೆದದ್ದು ನಿಜ, ಆರೋಪಿ ಪತ್ತೆಯಾಗಿಲ್ಲ. ‘ಬಿ’ ಬೇರೆ, ಅದು ಪ್ರಕರಣವೇ ಸುಳ್ಳು ಅಥವಾ ತಪ್ಪು ತಿಳಿವಳಿಕೆ ಎನ್ನುವುದಕ್ಕೆ. ಮುಕ್ತಾಯ ವರದಿ ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರ ಭಗವಂತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ನೋಟಿಸ್ ಜಾರಿಯಾಗಿದೆಯೇ ಎಂದು ಕಡತದಲ್ಲಿ ನೋಡಿ. ಕೊಲೆಗೆ ಕಾಲಮಿತಿ ಇಲ್ಲ. ಹೆಚ್ಚಿನ ತನಿಖೆಗೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 173(8), ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 193(9). 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣವಾದರೆ ಅರ್ಜಿಯಲ್ಲಿ ಎರಡನ್ನೂ ನಮೂದಿಸಿ, ಕಲಂ ಯಾವುದೆಂಬ ವಾದದಲ್ಲಿ ದಿನ ಕಳೆಯಬಾರದು.

‘ಮತ್ತೆ ತನಿಖೆ ಮಾಡಿ’ ಎಂದಷ್ಟೇ ಬರೆದ ಅರ್ಜಿ ನಿಲ್ಲುವುದಿಲ್ಲ. ಪಿ.ಎಫ್. ನಂಬರ್ (ವಶಪಡಿಸಿಕೊಂಡ ವಸ್ತುವಿನ ದಾಖಲೆ ಸಂಖ್ಯೆ) ಇಂಥದ್ದರ ಬಟ್ಟೆಯನ್ನು ಆಗ ರಕ್ತದ ಗುಂಪಿಗೆ ಮಾತ್ರ ಪರೀಕ್ಷಿಸಿದ್ದರು, ಈಗ ಡಿ.ಎನ್.ಎ. ಪರೀಕ್ಷೆ ಸಾಧ್ಯ, ಇಂಥ ಸಾಕ್ಷಿಯ ಹೇಳಿಕೆ ತೆಗೆದೇ ಇಲ್ಲ, ಹೀಗೆ ಬರೆಯಬೇಕು.

ಅದರ ಜೊತೆಗೇ, ಸಾಧ್ಯವಾದರೆ ಅದಕ್ಕೂ ಮೊದಲು, ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು, ವಿಲೇವಾರಿ ಮಾಡದೆ ಕಾಯ್ದಿಡಬೇಕೆಂದು ಪ್ರತ್ಯೇಕ ಅರ್ಜಿ ಹಾಕಿ. ಮುಚ್ಚಿದ ಪ್ರಕರಣದ ಬಟ್ಟೆಬರೆಯನ್ನು ಬೆಲೆಯಿಲ್ಲದ ವಸ್ತು ಎಂದು ನಾಶ ಮಾಡುವ ಅಪಾಯ ಇದ್ದೇ ಇದೆ. ಉಳಿದಿದ್ದರೆ ಯಾವುದರಲ್ಲಿದೆ ಎಂದು ಕೇಳಿ. ಪ್ಲಾಸ್ಟಿಕ್ ಕವರಿನೊಳಗೆ ತೇವ ನಿಂತು ಬೂಷ್ಟು ಹಿಡಿದು ಡಿ.ಎನ್.ಎ. ಹಾಳಾಗುತ್ತದೆ; ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಬದಲಾಯಿಸುವ ಕೆಲಸ ಪಂಚರ ಎದುರು, ಮಹಜರ್ ಬರೆದೇ ಆಗಬೇಕು.

ಮಲೆನಾಡ ಓದುಗ

ತುಂಬ ಉಪಕಾರವಾಯಿತು. ಎರಡು ಸಂದೇಹ. ಪೋಸ್ಟರಿನಲ್ಲಿ ಮಗುವಿನ ಹೆಸರು, ಫೋಟೋ ಹಾಕಬಹುದೇ? ಶವವನ್ನು ಸುಟ್ಟಿದ್ದರೆ ಏನು ಗತಿ?

ಕೋರ್ಟ್ ಹಾಲ್ 3

ಲೈಂಗಿಕ ಅಪರಾಧವೂ ಸೇರಿದ್ದರೆ ಹಾಕಬೇಡಿ. ನ್ಯಾಯ ಸಂಹಿತೆಯ ಕಲಂ 72 (ಹಿಂದಿನ ದಂಡ ಸಂಹಿತೆಯ 228ಎ) ಮತ್ತು ಪೋಕ್ಸೊ ಕಾಯಿದೆಯ ಕಲಂ 23 ಅಡ್ಡ ಬರುತ್ತವೆ. ಹೆಸರಷ್ಟೇ ಅಲ್ಲ, ಗುರುತು ಸಿಗುವಂತೆ ಶಾಲೆ, ಮನೆ, ತಂದೆತಾಯಿಯ ಹೆಸರೂ ಕೂಡದು. ಮಗು ತೀರಿಕೊಂಡಿದೆ, ಮನೆಯವರೇ ಒಪ್ಪಿದ್ದಾರೆ ಎಂದರೂ ಸಾಲದು. 2018ರ ನಿಪುಣ್ ಸಕ್ಸೇನಾ ತೀರ್ಪಿನಂತೆ ಸೆಷನ್ಸ್ ನ್ಯಾಯಾಧೀಶರ ಅನುಮತಿ ಬೇಕು. ಬರೀ ಕೊಲೆಯಾದರೂ ಬಾಲ ನ್ಯಾಯ ಕಾಯಿದೆಯ ಕಲಂ 74 ಅಪರಾಧಕ್ಕೆ ತುತ್ತಾದ ಮಕ್ಕಳ ಗುರುತಿಗೆ ರಕ್ಷಣೆ ಕೊಡುತ್ತದೆ. ಹಾಗಾಗಿ ಮೊದಲು ಲಿಖಿತ ಅನುಮತಿ ಪಡೆಯಿರಿ. ಒಳ್ಳೆಯ ಉದ್ದೇಶದ ವಾಟ್ಸಾಪ್ ಫಾರ್ವರ್ಡ್‌ನಿಂದ ಮನೆಯವರ ಮೇಲೇ ಕೇಸು ಬೀಳುವುದು ಬೇಡ.

ಹಳೆಯ ಕಡತ

ಹೆಸರಿಲ್ಲದೆಯೂ ಪೋಸ್ಟರ್ ಕೆಲಸ ಮಾಡುತ್ತದೆ. ದಿನಾಂಕ, ಸಮಯ, ಸ್ಥಳ, ಒಂದು ವಸ್ತು, ಒಂದೇ ಪ್ರಶ್ನೆ. ಶಂಕಿತರ ಹೆಸರು ಬೇಡವೇ ಬೇಡ. ಮರಣೋತ್ತರ ವರದಿಯ ಎಲ್ಲ ಗಾಯಗಳನ್ನೂ ಬಯಲು ಮಾಡಬೇಡಿ. ಕೊಂದವನಿಗೆ ಮಾತ್ರ ಗೊತ್ತಿರಬಹುದಾದ ಒಂದೆರಡು ಸಂಗತಿ ಒಳಗೇ ಉಳಿಯಬೇಕು, ಇಲ್ಲದಿದ್ದರೆ ಮುಂದೆ ಬರುವ ತಪ್ಪೊಪ್ಪಿಗೆ ನಿಜವೋ ಪತ್ರಿಕೆ ಓದಿ ಹೇಳಿದ್ದೋ ಎಂದು ಅಳೆಯಲು ಏನೂ ಇರುವುದಿಲ್ಲ.

2022ರಲ್ಲಿ ಫಿಲಡೆಲ್ಫಿಯಾ ಪೊಲೀಸರು ಕೇಳಿದ ರೀತಿ ನೋಡಿ. ತಂದೆತಾಯಿಯ ಹೆಸರು ಹೇಳಲಿಲ್ಲ, ಒಡಹುಟ್ಟಿದವರು ಬದುಕಿದ್ದಾರೆ ಎಂಬ ಕಾರಣಕ್ಕೆ. ಪಶ್ಚಿಮ ಫಿಲಡೆಲ್ಫಿಯಾದ 61ನೇ ರಸ್ತೆ ಮತ್ತು ಮಾರ್ಕೆಟ್ ಸ್ಟ್ರೀಟ್ ಸೇರುವ ಆಸುಪಾಸಿನಲ್ಲಿ ಆ ಕಾಲದಲ್ಲಿ ಇದ್ದವರು ಈ ಮಗುವನ್ನು ನೆನೆಸಿಕೊಳ್ಳಬಲ್ಲರೇ ಎಂದಷ್ಟೇ ಕೇಳಿದರು. 1957ರಲ್ಲಿ ಇಡೀ ನಗರವನ್ನು ಕೇಳಿದ್ದನ್ನು ಈಗ ಒಂದು ಮೂಲೆಗೆ ಇಳಿಸಿದರು.

ವಂಶಾವಳಿ

ಸುಟ್ಟಿದ್ದರೆ ಬೂದಿಯಿಂದ ಏನೂ ಸಿಗುವ ಹಾಗಿಲ್ಲ. ಆಗ ಉಳಿಯುವುದು ಬಟ್ಟೆ, ಮರಣೋತ್ತರದಲ್ಲಿ ತೆಗೆದಿಟ್ಟ ಕೂದಲು, ಉಗುರು, ಹಲ್ಲು ಮಾತ್ರ, ಎಫ್.ಎಸ್.ಎಲ್.ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಿದ ಪಟ್ಟಿ ಮತ್ತು ವಾಪಸ್ ಬಂದ ಪಟ್ಟಿ ಎರಡನ್ನೂ ತಾಳೆ ನೋಡಿ. ಬುಡವಿಲ್ಲದ ಕೂದಲಾದರೆ ಹೆಚ್ಚಾಗಿ ಮೈಟೊಕಾಂಡ್ರಿಯ ಪರೀಕ್ಷೆಗಷ್ಟೇ ಆದೀತು. ಫಾರ್ಮಲಿನ್‌ನಲ್ಲಿ ಅದ್ದಿಟ್ಟ ಅಂಗಾಂಶದಲ್ಲಿ ಡಿ.ಎನ್.ಎ. ತುಂಡು ತುಂಡಾಗಿರುತ್ತದೆ.

ಆದರೆ ಸುಡುವ ಸಮುದಾಯಗಳಲ್ಲೂ ಚಿಕ್ಕ ಮಕ್ಕಳನ್ನು ಹೂಳುವ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ, ವಾರಸುದಾರರಿಲ್ಲದ ಶವಗಳನ್ನೂ ಸಾಮಾನ್ಯವಾಗಿ ಹೂಳುತ್ತಾರೆ. ಹಾಗಾಗಿ ಸ್ಮಶಾನದ ರಿಜಿಸ್ಟರ್, ಪಂಚಾಯಿತಿ ಅಥವಾ ನಗರಸಭೆಯ ರಸೀದಿ, ಶವ ಒಪ್ಪಿಸಿದ ಪೊಲೀಸ್ ಪತ್ರ ಹುಡುಕಿ ಜಾಗ ಗುರುತಿಸಿ. ಹೊರತೆಗೆಯಲು ಮ್ಯಾಜಿಸ್ಟ್ರೇಟರ ಆದೇಶ ಬೇಕು, ನೀವಾಗಿ ಅಗೆಯಬಾರದು. ಆದೇಶ ಬಂದ ದಿನ ವೈದ್ಯರಿಗೆ ಹೇಳಬೇಕಾದದ್ದು: ಹಲ್ಲು ಮತ್ತು ಒಳಗಿವಿಯ ಸುತ್ತಲಿನ ತಲೆಬುರುಡೆಯ ಗಟ್ಟಿ ಎಲುಬು ಮೊದಲು, ತೊಡೆ ಎಲುಬು ಆಮೇಲೆ. ಎಲ್ಲವನ್ನೂ ಒಂದೇ ಪರೀಕ್ಷೆಗೆ ಪುಡಿ ಮಾಡಬೇಡಿ, ಒಂದೆರಡು ಹಲ್ಲನ್ನಾದರೂ ಮುಟ್ಟದೆ ಸೀಲ್ ಮಾಡಿ ಇಡಲಿ.