ದಾಂಡೇಲಿಗೆ ಹೊರಟವಳಿಗೆ ದೊಡ್ಡಮ್ಮನ ಉತ್ತರ

ತಂಗೀ, ಬೆಳಿಗ್ಗೆಯೇ ನಿನ್ನ ಪ್ರಶ್ನೆ ನೋಡಿದೆ. ಶನಿವಾರ ದಾಂಡೇಲಿಗೆ ಹೊರಟಿದ್ದೀರಿ, ಕಾಳಿ ನದಿಯಲ್ಲಿ ಮೊಸಳೆಗಳಿವೆಯಂತೆ, ಮಕ್ಕಳನ್ನು ನೀರಿಗೆ ಬಿಡಬಹುದೇ, ರಾಫ್ಟಿಂಗ್ ಮಾಡಿಸಬಹುದೇ ಎಂದು ಕೇಳಿದ್ದೀಯ. ಟೈಪ್ ಮಾಡುವುದು ನನ್ನಿಂದಾಗದು, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಪೂರ್ತಿ ಕೇಳು. ಅರ್ಧಕ್ಕೆ ನಿಲ್ಲಿಸುವುದು ನಿಮ್ಮ ಮನೆಯವರ ಅಭ್ಯಾಸ.

ಇವೆಯಂತೆ ಏನು, ಇವೆ. ನಾವು ಅಲ್ಲಿದ್ದ ಕಾಲ ನಿನಗೆ ಗೊತ್ತೇ ಇದೆ, ಹಿರಿಯವನು ನಡೆಯಲು ಕಲಿತದ್ದೇ ಅಲ್ಲಿ. ಬೇಸಿಗೆಯಲ್ಲಿ ನಲ್ಲಿ ಕೈಕೊಟ್ಟಾಗ ಬಟ್ಟೆ ಒಗೆಯಲು ಹೊಳೆಗೆ ಹೋಗುತ್ತಿದ್ದೆ. ದಿನವೂ ಅದೇ ಹೊತ್ತು, ಅದೇ ಕಲ್ಲು. ನಾಲ್ಕನೆಯ ದಿನವೋ ಐದನೆಯ ದಿನವೋ, ನಿಮ್ಮ ದೊಡ್ಡಪ್ಪನ ಖಾಕಿ ಪ್ಯಾಂಟಿಗೆ ಸಾಬೂನು ತಿಕ್ಕುತ್ತಿದ್ದೆ. ಆಚೆ ಒಂದು ಕೊರಡು ತೇಲುತ್ತಿತ್ತು. ಮರದ ಡಿಪೋ ಇರುವ ಊರು, ಕೊರಡನ್ನು ಯಾರು ಎರಡನೆಯ ಸಲ ನೋಡುತ್ತಾರೆ? ಆಮೇಲೆ ನೋಡುತ್ತೇನೆ, ಸಾಬೂನಿನ ನೊರೆ ಹೊಳೆಯ ಜೊತೆ ಕೆಳಕ್ಕೆ ಹೋಗುತ್ತಿದೆ, ಕೊರಡು ಮಾತ್ರ ಮೇಲಕ್ಕೆ, ನನ್ನ ಕಡೆಗೆ ಬರುತ್ತಿದೆ. ಪ್ಯಾಂಟು ಅಲ್ಲೇ ಬಿಟ್ಟು ಓಡಿದೆ. ದಂಡೆ ಹತ್ತಿ ತಿರುಗಿದಾಗ ಕಲ್ಲಿನ ಪಕ್ಕ ಎರಡು ಕಣ್ಣು, ಒಂದು ಮೂಗು, ಅಷ್ಟೇ ನೀರಿನ ಮೇಲೆ.

ಅಲ್ಲಿಯ ಅಂಬಿಗ ಹೇಳಿದ, ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋದರೆ ಅದಕ್ಕೆ ಲೆಕ್ಕ ಸಿಗುತ್ತದಮ್ಮ ಎಂದು. ಅದಕ್ಕೇ ಹೇಳುತ್ತೇನೆ, ನಿಂತ ನೀರನ್ನು ನಂಬಬೇಡ. ಮೊಸಳೆಗೆ ಬೇಕಾದದ್ದು ಅಂಥ ಮಡುವೇ. ದಂಡೆಯಲ್ಲಿ ಬಾಯಿ ತೆರೆದು ಮಲಗಿದ್ದನ್ನು ಕಂಡು ಹಸಿದಿದೆ ಎಂದು ಮಕ್ಕಳು ಕಿರುಚುತ್ತಾರೆ, ಅದು ಮೈಯ ಬಿಸಿ ಇಳಿಸಿಕೊಳ್ಳುತ್ತಿರುತ್ತದೆ. ಕಾಣುವ ಮೊಸಳೆಯನ್ನು ದೂರದಿಂದ ಎಷ್ಟು ಬೇಕಾದರೂ ನೋಡಿ. ಆದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡುವ ಕಾಲ, ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ, ಮರಳಿನಲ್ಲಿ ಆಡಲೂ ಬಿಡಬೇಡ. ಇನ್ನೊಮ್ಮೆ ಹೇಳುತ್ತೇನೆ, ನಿಂತ ನೀರನ್ನು ನಂಬಬೇಡ, ಕಾಲು ತೊಳೆಯುವಷ್ಟಕ್ಕೂ.

ಇದನ್ನು ಹೇಳಿದರೆ ಹುಬ್ಬಳ್ಳಿಯ ಭಾವನವರಿಗೆ ಇಂದಿಗೂ ನಗು. ಪ್ರತಿ ಮದುವೆಯಲ್ಲೂ ಹೊಸ ಸೊಸೆಯರಿಗೆ ನನ್ನನ್ನು ಪರಿಚಯಿಸುವುದೇ 'ಕೊರಡಿಗೆ ಹೆದರಿ ಗಂಡನ ಪ್ಯಾಂಟನ್ನು ಹೊಳೆಗೆ ದಾನ ಕೊಟ್ಟವಳು' ಎಂದು. ಅವರೂ ಈ ಗ್ರೂಪಿನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಆವತ್ತು ಬಂದು ನೋಡಿ ಎಂದರೆ ಒಬ್ಬರೂ ಎದ್ದು ಬರಲಿಲ್ಲ. ನಿಮ್ಮ ದೊಡ್ಡಪ್ಪನೂ ಮೊದಲು ಕೇಳಿದ್ದು ಪ್ಯಾಂಟಿನ ಜೇಬಿನಲ್ಲಿ ಏನಿತ್ತು ಎಂದು. ನನಗೆ ಏನಾಯಿತು ಎಂದು ಕೇಳಿದವಳು ಪಕ್ಕದ ಮನೆಯವಳು, ನಮ್ಮವರಲ್ಲ. ಇರಲಿ.

ಅಯ್ಯೋ, ರಾಫ್ಟಿಂಗ್ ವಿಷಯ ಬಿಟ್ಟೇಹೋಯಿತು. ಅದು ನಡೆಯುವುದು ಗಣೇಶಗುಡಿಯ ಕಡೆ, ಬಂಡೆಗಳ ನಡುವಿನ ರಭಸದ ನೀರಿನಲ್ಲಿ. ಅಲ್ಲಿ ಮೊಸಳೆಗಿಂತ ಸೂಪಾ ಅಣೆಕಟ್ಟಿನ ಮೇಲೆ ನಿಗಾ ಇರಲಿ. ವಿದ್ಯುತ್ತಿಗಾಗಿ ನೀರು ಬಿಟ್ಟರೆ ಒಂದು ಹನಿ ಮಳೆ ಇಲ್ಲದೆಯೂ ಹೊಳೆ ಏರುತ್ತದೆ. ಈಗ ಒಣಗಿರುವ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂರಬೇಡಿ. ಉಳಿದ ಊಟವನ್ನು ಹೊಳೆಗೆ ಎಸೆಯಲೂಬೇಡಿ, ಅದು ಮೊಸಳೆಯನ್ನು ಕರೆದು ಬಡಿಸಿದ ಹಾಗೆ. ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್ಟನ್ನು ಹೆಗಲ ಹತ್ತಿರ ಹಿಡಿದು ಮೇಲಕ್ಕೆಳೆದು ನೋಡು, ಕಿವಿಯವರೆಗೆ ಬಂದರೆ ಸಡಿಲವಿದೆ ಎಂದರ್ಥ.

ಚಿಕ್ಕವನನ್ನು ಬಹುಶಃ ಹತ್ತಿಸಿಕೊಳ್ಳುವುದಿಲ್ಲ, ವಯಸ್ಸಿನ ಮಿತಿ ಇರುತ್ತದೆ. ಅವನು ಅತ್ತರೆ ಮರದ ಡಿಪೋ ಕಡೆ ಕರೆದುಕೊಂಡು ಹೋಗು, ಮಂಗಟ್ಟೆ ಹಕ್ಕಿ ಬರುತ್ತದೆ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟ ಹಾಗಿರುತ್ತದೆ, ಅಳು ಮರೆಯುತ್ತಾನೆ. ನೀರು ಯಾವ ಹೊತ್ತಿಗೆ ಬಿಡುತ್ತಾರೆ, ಎಷ್ಟು ವಯಸ್ಸಿನವರನ್ನು ಹತ್ತಿಸುತ್ತಾರೆ, ಇವೆರಡನ್ನೂ ಇವತ್ತೇ ರೆಸಾರ್ಟಿಗೆ ಫೋನ್ ಮಾಡಿ ಕೇಳಿ ಇಲ್ಲಿ ಹಾಕು. ಭಾವನವರು ನಗುವ ಚಿತ್ರ ಹಾಕಿದರೆ ನೀನು ಗಮನ ಕೊಡಬೇಡ.