ಸಿಕಲ್ ಸೆಲ್‌ಗೆ ಗಿಡಮೂಲಿಕೆ ಔಷಧಿ ನಿಜವಾಗಿ ಕೆಲಸ ಮಾಡುತ್ತಾ?

ಮಳೆಬಿಲ್ಲು:
ನನ್ನ ಅಕ್ಕನ ಮಗನಿಗೆ ಸಿಕಲ್ ಸೆಲ್ ಇದೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ನೋವು ತರುವ, ಹುಟ್ಟಿನಿಂದ ಬರುವ ಕಾಯಿಲೆ. ಅದಕ್ಕೆ ಹೈಡ್ರಾಕ್ಸಿಯೂರಿಯಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ನೋವು ಮೊದಲಿಗಿಂತ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಈಗ ಯಾರೋ ಅಕ್ಕನಿಗೆ ಮೆಸೇಜ್ ಕಳಿಸಿದ್ದಾರೆ. ಲವಂಗ, ತೊಗರಿ, ಜೋಳದ ಎಲೆ ಸೇರಿಸಿ ಕಷಾಯ ಮಾಡಿ ಕುಡಿಸಿದರೆ ರಕ್ತಕಣ ಸರಿಹೋಗುತ್ತೆ, ಆಫ್ರಿಕಾದಲ್ಲಿ ಇದು ಸಾಬೀತಾಗಿದೆ ಅಂತ. ಮಾತ್ರೆ ನಿಲ್ಲಿಸಿ ಇದನ್ನೇ ಕೊಡೋಣ ಅಂತಿದ್ದಾಳೆ. ಇದರಲ್ಲಿ ಹುರುಳಿದೆಯಾ? ಸುಮ್ನೆ ಬೇಡ ಅಂದರೆ ಅವಳು ಕೇಳುವುದಿಲ್ಲ, ಕಾರಣ ಹೇಳಬೇಕು.

ಲ್ಯಾಬ್ ಕಿಟಕಿ:
ಹುರುಳಿದೆ, ಆದರೆ ಮೆಸೇಜ್ ಹೇಳುವಷ್ಟಿಲ್ಲ. ಅದರ ಮೂಲ ಬಹುಶಃ ನೈಜೀರಿಯಾದ ನಿಪ್ರಿಸಾನ್. ನಾಟಿ ವೈದ್ಯರ ಬಳಿ ಇದ್ದ ಔಷಧಿಯನ್ನು ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಅಭಿವೃದ್ಧಿ ಮಾಡಿತು. ಕಾಳುಮೆಣಸಿನ ಜಾತಿಯ ಒಂದು ಬಳ್ಳಿಯ ಬೀಜ, ಲವಂಗ, ಜೋಳದ ಎಲೆ, ನಮ್ಮ ಹೊನ್ನೆಯ ಕುಲದ ಒಂದು ಮರದ ಕಾಂಡ, ಇವುಗಳ ಸಾರ ಅದು. 2001ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಜೋರು ನೋವಿನ ಸರದಿಗಳು ಕಡಿಮೆಯಾದವು. ದೊಡ್ಡ ಪ್ರಯೋಗಗಳಿಂದ ಅದು ಗಟ್ಟಿಯಾಗುವ ಮೊದಲೇ, 2008ರಲ್ಲಿ, ಅದರ ಹಕ್ಕು ಪಡೆದಿದ್ದ ಕಂಪನಿ ದಿವಾಳಿಯಾಯಿತು. ತೊಗರಿ ಬಂದಿರೋದು ಸಿಕ್ಲಾವಿಟ್ ಅನ್ನೋ ಬೇರೆ ಔಷಧಿಯಿಂದ, ಎರಡನ್ನೂ ಕಲಸಿಬಿಟ್ಟಿದ್ದಾರೆ.

ಇನ್ನೊಂದು ವಿಷಯ. "ಈ ಗಿಡ ರಕ್ತಕಣ ಸರಿಮಾಡುತ್ತೆ" ಅನ್ನುವ ಎಷ್ಟೋ ವರದಿಗಳು ಗಾಜಿನ ಸ್ಲೈಡ್ ಮೇಲಿನವು. ರೋಗಿಯ ರಕ್ತದ ಹನಿಗೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ಅದು ಆಮ್ಲಜನಕ ಹೀರಿಕೊಳ್ಳುತ್ತೆ, ದುಂಡಗಿದ್ದ ಕಣಗಳು ಕುಡುಗೋಲಿನಂತೆ ಬಾಗುತ್ತವೆ. ಗಿಡದ ಸಾರ ಬೆರೆಸಿದಾಗ ಎಷ್ಟು ಕಣ ದುಂಡಗೇ ಉಳಿದವು ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಅಲ್ಲಿ ಸಾರ ನೇರವಾಗಿ ಕಣದ ಪಕ್ಕದಲ್ಲೇ ಇರುತ್ತೆ, ಹೊಟ್ಟೆ, ಕರುಳು, ಪಿತ್ತಜನಕಾಂಗ ಯಾವುದನ್ನೂ ದಾಟಬೇಕಿಲ್ಲ.

ಕಣಜ:
ಮೇಲಿನ ಮಾತಿಗೆ ವ್ಯಾನಿಲಿನ್ ಒಳ್ಳೆಯ ಉದಾಹರಣೆ. ವ್ಯಾನಿಲಾ ಕಾಯಿಗೆ ಪರಿಮಳ ಕೊಡುವ ಅಣು. ಇದು ರಕ್ತಕಣದೊಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕ ಬಿಡದಂತೆ ಹಿಡಿಯುತ್ತೆ, ಹಾಗಾಗಿ ಕಣ ಬಾಗುವುದು ಕಡಿಮೆ. ಆದರೆ ಬಾಯಲ್ಲಿ ತೆಗೆದುಕೊಂಡರೆ ರಕ್ತ ಸೇರುವ ಮೊದಲೇ ಬಹುಪಾಲು ಒಡೆದುಹೋಗುತ್ತೆ. ಆರೋಗ್ಯವಂತ ವಯಸ್ಕರ ದೇಹದಲ್ಲಿ ಹಿಮೋಗ್ಲೋಬಿನ್ ಸುಮಾರು 700 ಗ್ರಾಂ ಇರುತ್ತೆ. ರೋಗಿಯಲ್ಲಿ ಇದಕ್ಕಿಂತ ಕಡಿಮೆ ಇದ್ದರೂ, ಅದರ ಒಂದು ಭಾಗವನ್ನಾದರೂ ಹಿಡಿಯಲು ಔಷಧಿ ಜಾಸ್ತಿಯೇ ಬೇಕು. ಅದೇ ದಾರಿಯಲ್ಲಿ ಬಂದ ವೊಕ್ಸೆಲೋಟರ್ ಮಾತ್ರೆಯ ಪ್ರಮಾಣ ವಯಸ್ಕರಿಗೆ ದಿನಕ್ಕೆ 1500 ಮಿಲಿಗ್ರಾಂ ಇತ್ತು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಿಮೋಗ್ಲೋಬಿನ್ ಮಟ್ಟ ಏರಿದ್ದೂ ನಿಜ. ಆದರೂ ನೋವಿನ ಸರದಿ ಮತ್ತು ಸಾವುಗಳ ಲೆಕ್ಕ ಆತಂಕ ಹುಟ್ಟಿಸಿದ್ದರಿಂದ 2024ರ ಸೆಪ್ಟೆಂಬರ್‌ನಲ್ಲಿ ಎಲ್ಲ ಕಡೆ ವಾಪಸ್ ಪಡೆದರು. ಶುದ್ಧ ಮಾಡಿ, ಅಳೆದು ಕೊಟ್ಟ ಅಣುವಿನ ಕಥೆಯೇ ಹೀಗಾದರೆ, ಒಂದೊಂದು ಸಲ ಒಂದೊಂದು ಹದಕ್ಕೆ ಕುದಿಯುವ ಕಷಾಯವನ್ನು ಮಗುವಿಗೆ ಕೊಡಲು ನನಗಂತೂ ಧೈರ್ಯ ಬರಲ್ಲ.

ನೀಲಿ ಕೊಡೆ:
ನನ್ನ ಮಗಳಿಗೂ ಇದೇ ಕಾಯಿಲೆ, ಅಕ್ಕನ ಸಂಕಟ ಅರ್ಥವಾಗುತ್ತೆ. ಅವರಿಗೆ ಹೀಗೆ ಹೇಳಿ: ಹೈಡ್ರಾಕ್ಸಿಯೂರಿಯಾ ಹುಟ್ಟುವಾಗ ಇದ್ದ ಎಳೆಯ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡುತ್ತೆ. ಅದಿದ್ದರೆ ಕಣ ಬಾಗುವುದು ಕಡಿಮೆ, ಅದಕ್ಕೇ ನೋವು ಕಡಿಮೆಯಾಗಿರೋದು, ನಿಲ್ಲಿಸಿದರೆ ಆ ಲಾಭ ಹೋಗುತ್ತೆ. ಸಾಲದು ಅನಿಸಿದರೆ ಪ್ರಮಾಣ ಸರಿಯಿದೆಯಾ ಅಂತ ಡಾಕ್ಟರನ್ನೇ ಕೇಳಲಿ, ತೂಕ ಹೆಚ್ಚಿದ ಹಾಗೆ ಬದಲಾಯಿಸಬೇಕಾಗುತ್ತೆ. ಗಿಡಮೂಲಿಕೆ ಕೊಡಲೇಬೇಕು ಅನ್ನಿಸಿದರೆ ಮುಚ್ಚಿಡದೆ ಮೊದಲು ಅವರಿಗೆ ಹೇಳಲಿ. ಕಾಳುಮೆಣಸಿನಲ್ಲಿರುವ ಪೈಪರಿನ್ ಕೆಲವು ಔಷಧಿಗಳು ದೇಹದಲ್ಲಿ ಒಡೆಯುವುದನ್ನು ತಡೆಯುತ್ತೆ. ಮತ್ತೆ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಯಾವ ಕಷಾಯಕ್ಕೂ ಕಾಯದೆ ಆಗಲೇ ಆಸ್ಪತ್ರೆಗೆ. ಈ ಮಕ್ಕಳಲ್ಲಿ ಸೋಂಕು ತಡೆಯುವ ಅಂಗವಾದ ಗುಲ್ಮ ಬೇಗ ದುರ್ಬಲವಾಗಿರುತ್ತೆ, ಸೋಂಕು ಗಂಟೆಗಳಲ್ಲೇ ಏರಿಬಿಡಬಹುದು.

ಮಳೆಬಿಲ್ಲು:
ಧನ್ಯವಾದ. ಅವನ ತೂಕ ನೋಡಿ ಪ್ರಮಾಣ ಬದಲಾಯಿಸಿದ್ದು ಯಾವಾಗ ಅಂತ ಅಕ್ಕನನ್ನ ಈಗಲೇ ಕೇಳುತ್ತೇನೆ.