ಶ್ರೀಧರ ಕಾಕಾ ಕೇಳಿದ್ದಕ್ಕ: ಹಾಲ್ ಯಾಕ ಕೊಡಬೇಕು

ಕಾಕಾ ನಮಸ್ಕಾರ್ರೀ. ಕಂಟೆಂಪರರಿ ಡಾನ್ಸ್, ಅಂದ್ರ ಈಗಿನ ಕಾಲದ ಹೊಸ ನಮೂನಿ ಕುಣಿತ, ಅದರ ಫೆಸ್ಟಿವಲ್‌ನವರು ಹೆಂಗೂ ಟಿಕೀಟ್ ಮಾರ್ತಾರ, ಅಂದಮ್ಯಾಲೆ ಅವರ ವರ್ಕ್‌ಶಾಪಿಗೆ ನಮ್ಮ ಮಂಡಳದ ಹಾಲ್ ಪುಕ್ಕಟ ಯಾಕ ಕೊಡಬೇಕು, ಊರ ಕಡಿಂದ ಬರೋ ಹುಡುಗ್ರನ್ನ ನಮ್ಮ ಮನ್ಯಾಗ ಯಾಕ ಇಟ್ಕೋಬೇಕು, ಅದು ಭರತನಾಟ್ಯನೂ ಅಲ್ಲ ಕಥಕ್‌ನೂ ಅಲ್ಲ ಅಂತ ನಿನ್ನೆ ರಾತ್ರಿ ಗ್ರೂಪಿನ್ಯಾಗ ಹಾಕಿದ್ರಲ್ಲ, ಅದಕ್ಕ ಉತ್ತರ ಇದು. ವಿದ್ಯಾ ವೈನಿನೂ ಕೇಳ್ಯಾರ, ಅವರ ಅತ್ತಿಯವರಿಗೆ ಪಾರ್ಕಿನ್ಸನ್ (ಕೈಕಾಲು ನಡುಗೋ, ಮೈ ಬಿಗಿಯೋ ರೋಗ) ಅದ, ಅವರು ಬರಬಹುದೇನು ಅಂತ. ವಾಯ್ಸ್ ಕಳಿಸಿದ್ರ ಆಫೀಸ್‌ನ್ಯಾಗ ಇದ್ದವರು ಕೇಳೂದಿಲ್ಲ, ಅದಕ್ಕ ಮಾತಾಡಿದಂಗ ಬರೀಲಿಕತ್ತೀನಿ, ಉದ್ದ ಆದ್ರೂ ಪೂರಾ ಓದ್ರಿ.

ಮೊದಲ ಹಾಲಿನ ವಿಷಯ. ಅವರು ನಮ್ಮ ಹಾಲ್ ಕೇಳಿದ್ದು ಪುಕ್ಕಟ ಸಿಗ್ತದ ಅಂತಲ್ಲರೀ, ನಮ್ಮ ಸ್ಟೇಜ್ ಕಟ್ಟಿಗೀದು, ಕೆಳಗ ಟೊಳ್ಳು ಅದ, ಅದಕ್ಕ. ಪುಣೆದಾಗ ಹಾಲಿಗೇನು ಬರ ಇಲ್ಲ, ಆದ್ರ ಎಲ್ಲಿ ನೋಡಿದ್ರೂ ಟೈಲ್ಸ್ ಇಲ್ಲಾ ಗ್ರಾನೈಟ್, ಅದು ಒಂದೆಳಿನೂ ಬಗ್ಗೂದಿಲ್ಲ, ಜಿಗಿದು ಇಳಿದಾಗ ಪೆಟ್ಟೆಲ್ಲಾ ಮೊಣಕಾಲಿಗೆ, ಮುಂಗಾಲಿನ ಎಲುಬಿಗೆ ಬರ್ತದ. ಕಟ್ಟಿಗಿ ಸ್ವಲ್ಪ ಬಗ್ಗಿ ಆ ಪೆಟ್ಟು ತಾನ ತಿಂತದ. ಅದರ ಮ್ಯಾಲೆ ಹಾಸೋ ವಿನೈಲ್ ಶೀಟ್ ಅವರ ತರ್ತಾರ, ಅಂಚಿಗೆ ಟೇಪ್ ಹಚ್ಚತಾರ, ಹೋಗಮುಂದ ಸುತ್ತಿಕೊಂಡು ಒಯ್ತಾರ, ನಮ್ಮ ಸ್ಟೇಜಿಗೆ ಒಂದು ಮೊಳಿನೂ ಹೊಡಿಯೂದಿಲ್ಲ.

ಮೂರ್ನಾಕ ದಿನದಾಗ ಏನ ಕಲೀತಾರ ಅಂತ ಶಶಿ ಹಾಕಿದ್ದ. ಶಶಿ, ನಾ ಹೋದ ವರ್ಷ ವಾಲಂಟಿಯರ್ ಅಂತ ಬಾಗಿಲ ಕಡೆ ನಿಂತು ನೋಡೀನಿ, ಅದನ್ನ ಹೇಳ್ತೀನಿ. ಗದಗ ಕಡಿಯಿಂದ ಒಬ್ಬ ಹುಡುಗ ಬಂದಿದ್ದ, ಟಿವಿ ನೋಡಿ ನೋಡಿ ಕಲ್ತವ, ಮೈಯಾಗ ಭಾಳ ಶಕ್ತಿ, ಆದ್ರ ನೆಲಕ್ಕ ಬರಬೇಕಾದ್ರ ದಪ್ಪಂತ ಮೊಣಕಾಲ ಮ್ಯಾಲೆ ಬೀಳ್ತಿದ್ದ, ಎರಡೂ ಮೊಣಕಾಲಿಗೆ ಹಳೇ ಕಪ್ಪು ಕಲೆ ಇದ್ವು. ಟೀಚರ್ ಅವಂಗ ಹೊಸಾ ಸ್ಟೆಪ್ ಒಂದೂ ಹೇಳಿಕೊಡಲಿಲ್ಲ. ಉಸಿರು ಬಿಡ್ತಾ ಕೆಳಗ ಬಾ, ಮೊಣಕಾಲ ಚಿಪ್ಪು ಊರಬ್ಯಾಡ, ಮೊದಲ ಮೀನಖಂಡದ ಪಕ್ಕ, ಆಮ್ಯಾಲೆ ತೊಡಿ, ಆಮ್ಯಾಲೆ ಕುಂಡಿ ಮಗ್ಗಲು, ಅಂಗೈ ಮುಂದ ಸರಿಸಿಕೋತ ಹೋಗು, ಕೊನೀಗೆ ಭುಜದ ಹಿಂಭಾಗ, ಅಷ್ಟ. ಇಡೀ ಮುಂಜಾನೆ ಅದೊಂದ. ಮಧ್ಯಾಹ್ನದ ಹೊತ್ತಿಗೆ ಅವ ಬಿದ್ರ ಸಪ್ಪಳನ ಇಲ್ಲ, ಬಿದ್ದ ಓಟದಾಗ ಹೊರಳಿ ಎದ್ದ ನಿಲ್ತಿದ್ದ! ಅವನ ಊರಾಗ ಇದನ್ನ ಹೇಳೋರು ಯಾರೂ ಇದ್ದಿಲ್ಲ, ಹಂಗ ಕುಣೀತಾ ಹೋಗಿದ್ರ ಮೊಣಕಾಲ ಎಷ್ಟ ವರ್ಷ ತಡೀತಿದ್ವು ಹೇಳ್ರಿ. ಸಂಜಿ ಶೋ ನೋಡೋರು ಚಪ್ಪಾಳಿ ಹೊಡದು ಮನೀಗೆ ಹೋಗ್ತಾರ, ನನಗಂತೂ ಫೆಸ್ಟಿವಲ್ ಅಂದ್ರ ಈ ಮುಂಜಾನೀನ.

ಸುಧಾ ಮಾವಶಿ, ಹುಡುಗ ಹುಡುಗಿ ಮೈಗೆ ಮೈ ಹಚ್ಚಿ ಏನೋ ಮಾಡ್ತಾರಂತ ಅಂದ್ರಲ್ಲ, ಅದರ ಹೆಸರು ಕಾಂಟ್ಯಾಕ್ಟ್ ಇಂಪ್ರೊವೈಸೇಶನ್, 1972ರಾಗ ಅಮೆರಿಕಾದ ಡಾನ್ಸರ್ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ್ದು, ಅವರು ಐಕಿಡೊ ಅನ್ನೋ ಜಪಾನದ ಕುಸ್ತಿಯಂಥಾ ವಿದ್ಯಾನೂ ಕಲ್ತವರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರ ಭಾರ ಇನ್ನೊಬ್ಬರ ಮ್ಯಾಲೆ ಬಿಟ್ಟು, ಕೈ ಊರದ ಕೂಡೂದು, ಕೈ ಊರದ ಏಳೂದು. ಕುಸ್ತಿ ಆಖಾಡದಾಗ ಮೈ ಮುಟ್ಟಿದಂಗ ಅದು, ಲಕ್ಷ್ಯ ಎಲ್ಲಾ ತೂಕದ ಮ್ಯಾಲೆ ಇರ್ತದ. ಮತ್ತ ಶುರು ಮಾಡೋಕ್ಕಿಂತ ಮೊದಲನ ಹೇಳ್ತಾರ, ಯಾರಿಗೆ ಬ್ಯಾಡ ಅನಸ್ತದೋ ಅವರು ಯಾವಾಗರೆ ಹಿಂದ ಸರೀಬಹುದು, ಜೋಡಿ ಬದಲಿಸಬಹುದು, ಯಾಕ ಅಂತ ಯಾರೂ ಕೇಳೂದಿಲ್ಲ. ನಮ್ಮ ಹುಡುಗ್ಯಾರಿಗೆ ಬ್ಯಾಡ ಅನ್ನೋ ರೂಢಿ ಇಲ್ಲೆ ಆಗ್ತದ, ನನಗ ಅದು ಭಾಳ ದೊಡ್ಡದು ಅನಸ್ತದ.

ಇನ್ನ ಇದು ನಮ್ಮದಲ್ಲ ಅನ್ನೋ ಮಾತು ಬ್ಯಾಡ ಕಾಕಾ. ಚೆನ್ನೈದ ಡಾನ್ಸರ್ ಚಂದ್ರಲೇಖಾ 1985ರಾಗ ‘ಅಂಗಿಕ’ ಅನ್ನೋ ಡಾನ್ಸ್ ಮಾಡಿದಾಗ ಭರತನಾಟ್ಯದ ಜೋಡಿ ಯೋಗ, ಕೇರಳದ ಯುದ್ಧಕಲೆ ಕಳರಿಪಯಟ್ಟು ತಂದಿದ್ರು. ಬೆಂಗಳೂರಿನ ಅಟ್ಟಕ್ಕಲರಿ ಅನ್ನೋ ಕಂಟೆಂಪರರಿ ಡಾನ್ಸ್ ಸಂಸ್ಥಾ ಶುರು ಆಗಿದ್ದು 1992ರಾಗ. ಮುಂಬೈದ ಡಾನ್ಸರ್ ಅಸ್ತಾದ ದೇಬೂ, 2020ರಾಗ ತೀರಿಕೊಂಡ್ರು, ಅವರು ಕಿವಿ ಕೇಳಿಸದ ಹುಡುಗ್ರಿಗೆ ಕಲಿಸಿ ಅವರ ಜೋಡಿ ಸ್ಟೇಜ್ ಏರ್ಯಾರ.

ವೈನಿ, ಅತ್ತಿಯವರನ್ನ ಕರಕೊಂಡು ಬರ್ರಿ. ನಮ್ಮ ಪುಣೆದಾಗನ ಹೃಷಿಕೇಶ ಪವಾರ ಅವರು ಪಾರ್ಕಿನ್ಸನ್ ಇದ್ದವರಿಗೆ ಡಾನ್ಸ್ ಕ್ಲಾಸ್ ನಡಿಸ್ಯಾರ, ನ್ಯೂಯಾರ್ಕಿನ ಬ್ರೂಕ್ಲಿನ್‌ನ್ಯಾಗ ಮಾರ್ಕ್ ಮೋರಿಸ್ ಅವರ ಡಾನ್ಸ್ ಕಂಪನಿಯವರು 2001ರಿಂದ ಮಾಡ್ತಾರ. ರೋಗ ಹೋಗ್ತದ ಅಂತ ಯಾರೂ ಹೇಳೂದಿಲ್ಲ, ಆದ್ರ ನಡಿಯೋವಾಗ ಕಾಲು ನೆಲಕ್ಕ ಅಂಟಿದಂಗ ಆಗ್ತದಲ್ಲ, ಆಗ ಹೊರಗಿಂದ ತಾಳ ಕಿವಿಗೆ ಬಿದ್ರ ಎಷ್ಟೋ ಮಂದಿಗೆ ಹೆಜ್ಜಿ ಎತ್ತಲಿಕ್ಕೆ ಸಸಾರ ಆಗ್ತದ. ಹಿರಿಯರ ಕ್ಲಾಸ್ ಕುರ್ಚಿ ಮ್ಯಾಲೆ ಕೂತು ಶುರು ಮಾಡ್ತಾರ, ಪಕ್ಕಕ್ಕ ನೀವು ಕೂಡಬಹುದು. ಡಾಕ್ಟರಿಗೆ ಒಂದ್ ಮಾತು ಕೇಳ್ರಿ, ಮತ್ತ ಗುಳಿಗಿ ತಗೊಂಡು ಮೈ ಸಡಿಲ ಇರೋ ಹೊತ್ತು ನೋಡಿ ಬರ್ರಿ.

ಟಿಕೀಟ್ ರೊಕ್ಕ ಥೇಟರ್ ಬಾಡಿಗಿಗೆ, ಲೈಟಿಗೆ, ಕಲಾವಿದರಿಗೆ ಹೋಗ್ತದ. ಊರ ಕಡಿಂದ ಬರೋರಿಗೆ ವರ್ಕ್‌ಶಾಪ್ ಫೀ ಮಾಫ್ ಮಾಡ್ಯಾರ, ಆದ್ರ ಉಳಿಯೋ ವ್ಯವಸ್ಥಾ ಅವರ ಕೈಲೆ ಆಗವಲ್ದು. ಇಲ್ಲೇ ನಾವು ಬೇಕಾಗೋದು. ಹುಡುಗ್ರು ಹೆಂಗರೆ ಗೆಳೆಯರ ರೂಮಿನ್ಯಾಗ ಬಿದ್ಕೋತಾರ. ಹುಡುಗ್ಯಾರ ಅಪ್ಪ ಅವ್ವ ಲಾಜ್ ಅಂದ್ರ ಕಳಸೂದಿಲ್ಲ, ಫೋನ್ ಮಾಡಿದಾಗ ಅವರು ಕೇಳೋದು ಒಂದ, ನಮ್ಮ ಮಗಳು ರಾತ್ರಿ ಎಲ್ಲೆ ಇರ್ತಾಳ? ಧಾರವಾಡದ ಒಬ್ಬಾಕಿ ಸೆಲೆಕ್ಟ್ ಆಗಿನೂ ಹೋದ ವರ್ಷ ಬರಲಿಲ್ಲ, ಕಾರಣ ಇದೊಂದ. ಪುಣೆದಾಗ ನಮ್ಮ ಕಡಿಯವರ ಮನಿ ಅದ, ಅಲ್ಲಿ ಒಬ್ಬ ಅತ್ಯಾ ಇದ್ದಾರ ಅಂದ್ರ ಅದ ಅಪ್ಪ ಟ್ರೇನ್ ಹತ್ತಿಸಿ ಕಳಸ್ತಾನ. ನಾವು ಕೊಡೋದು ಒಂದು ಹಾಸಿಗಿ, ಆಕೀಗೆ ಸಿಗೋದು ಮನಿ ದಾಟೋ ಪರವಾನಗಿ.

ತ್ರಾಸ ಏನೂ ಇಲ್ಲರೀ. ಹುಬ್ಬಳ್ಳಿ ಟ್ರೇನಿಗೆ ಮುಂಜಾನೆ ಬರ್ತಾರ, ದಿನಾ ಎಂಟಕ್ಕ ಹೋದ್ರ ರಾತ್ರಿನ ತಿರುಗಿ ಬರೋದು. ಹೊಟ್ಟಿ ತುಂಬ ತಿಂದು ನೆಲದ ಮ್ಯಾಲೆ ಹೊರಳಲಿಕ್ಕೆ ಆಗೂದಿಲ್ಲ, ಅದಕ್ಕ ಮುಂಜಾನೆ ಸ್ವಲ್ಪ ಅವಲಕ್ಕಿ, ಬಾಳೆಹಣ್ಣು ಸಾಕು, ರಾತ್ರಿ ಮಾತ್ರ ರೊಟ್ಟಿ ಪಲ್ಯಾ ಹೊಟ್ಟಿ ತುಂಬ ಹಾಕ್ರಿ, ಕಾಲಿಗೆ ಒಂದು ಬಕೆಟ್ ಬಿಸಿನೀರು ಕೊಡ್ರಿ.

ನಮ್ಮ ಮನ್ಯಾಗ ಇಬ್ಬರು ಹುಡುಗ್ಯಾರಿಗೆ ಜಾಗಾ ಅದ, ಇವರಿಗೂ ಕೇಳೀನಿ, ಹೂಂ ಅಂದಾರ. ಇನ್ನೂ ಮೂರು ಮನಿ ಬೇಕು, ಕೋಥರೂಡ್ ಕಡೆ ಇದ್ರ ಛಲೋ, ಹಾಲಿಗೆ ನಡಕೊಂಡ ಬರಬಹುದು. ಯಾರ ಮನ್ಯಾಗ ಆಗ್ತದ ನನಗ ಪರ್ಸನಲ್ ಮೆಸೇಜ್ ಹಾಕ್ರಿ, ಹುಡುಗಿಯ ಅವ್ವನ ಜೋಡಿ ನಿಮಗ ಫೋನ್ ಮಾಡಿಸಿಕೊಡ್ತೀನಿ. ಕಾಕಾ, ಹಾಲಿಂದು ರವಿವಾರ ಕಮಿಟಿ ಮೀಟಿಂಗಿನ್ಯಾಗ ಇಡ್ರಿ, ಮುಂಜಾನೆ ಒಂಬತ್ತರಿಂದ ಒಂದರ ತನಕ ಅಷ್ಟ ಕೇಳ್ಯಾರ, ಸಂಜಿ ಭಜನಿಗೆ ಏನೂ ಅಡ್ಡಿ ಆಗೂದಿಲ್ಲ. ಮೀಟಿಂಗಿಗೆ ನಾನೂ ಬರ್ತೀನಿ, ವಿನೈಲ್ ಹಾಸೋ ಹುಡುಗನ್ನೂ ಕರಕೊಂಡು ಬರ್ತೀನಿ, ಸ್ಟೇಜ್ ಬಗ್ಗೆ ಏನ ಕೇಳೋದದ ಅವನ್ನ ಕೇಳಿಬಿಡ್ರಿ.